ಎಲ್‌ಎಚ್‌ಬಿ ಡಬ್ಬಿ ಗುರುತಿಸೋದು ಹೇಗೆ, ಆ ಮೂರು ಅಕ್ಷರದ ಹಿಂದಿರುವ ಕಾರ್ಖಾನೆ ಯಾವುದು

"ಆ ಗಾಡಿಗೆ ಎಲ್‌ಎಚ್‌ಬಿ ಹಾಕಿದಾರಂತೆ" ಅನ್ನೋ ಮಾತು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಈಗ ಮಾಮೂಲಾಗಿದೆ. ಕೆಂಪು ಬಣ್ಣ, ಕುಲುಕಾಟ ಕಮ್ಮಿ, ಸೀಟು ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಎಲ್‌ಎಚ್‌ಬಿ ಅಂದರೆ ಏನು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಅದೇನೋ ಜರ್ಮನ್ ಟೆಕ್ನಾಲಜಿ" ಅಂದು ಮುಗಿಸಿಬಿಡ್ತಾರೆ. ಅದು ಟೆಕ್ನಾಲಜಿಯ ಹೆಸರಲ್ಲ. ಲಿಂಕೆ, ಹಾಫ್‌ಮನ್, ಬುಷ್ ಅನ್ನೋ ಮೂರು ಹೆಸರು ಸೇರಿ ಆದ ಒಂದು ಜರ್ಮನ್ ಕಾರ್ಖಾನೆ. ಆ ಹೆಸರಿನ ಕಂಪನಿ ಇವತ್ತು ಜರ್ಮನಿಯಲ್ಲಿ ಇಲ್ಲ. ಆದರೆ ನಮ್ಮ ಸ್ಟೇಷನ್‌ಗಳಲ್ಲಿ ಆ ಹೆಸರನ್ನು ದಿನಾ ಯಾರಾದರೊಬ್ಬರು ಹೇಳುತ್ತಲೇ ಇರುತ್ತಾರೆ.

ಪ್ಲಾಟ್‌ಫಾರ್ಮ್ ಮೇಲೆ ನಿಂತು ಡಬ್ಬಿ ಯಾವುದು ಅಂತ ಗುರುತಿಸೋದು ಹೇಗೆ ಅಂತ ಮೊದಲು ಹೇಳ್ತೀನಿ, ಆಮೇಲೆ ಅದರ ಇತಿಹಾಸ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇಲ್ಲಿ ಡಬ್ಬಿ ಅಂದರೆ ನಾವು ಕೂರುವ ಕೋಚ್. ಬೋಗಿ ಅಂದರೆ ಅದರ ಕೆಳಗಿರುವ ಚಕ್ರಗಳ ಚೌಕಟ್ಟು, ರೈಲ್ವೆಯವರು ಬಳಸೋ ಅರ್ಥದಲ್ಲಿ.

ಎಲ್ಲಿ ನಿಲ್ಲಬೇಕು

ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಳ್ಳಿ. ಕೊಪ್ಪಳದಲ್ಲಿ ಗಾಡಿ ನಿಲ್ಲೋದೇ ಸ್ವಲ್ಪ ಹೊತ್ತು, ಅಷ್ಟರಲ್ಲಿ ಹತ್ತುವವರ ನೂಕುನುಗ್ಗಲು ಬೇರೆ, ಹಾಗಾಗಿ ನೋಡಿ ಕಲಿಯೋಕೆ ಬಳ್ಳಾರಿ ಅಥವಾ ರಾಯಚೂರು ವಾಸಿ. ರಾಯಚೂರು ಇನ್ನೂ ಒಳ್ಳೇದು. ಅದು ಮುಂಬೈ–ಚೆನ್ನೈ ಮುಖ್ಯ ಮಾರ್ಗದ ಮೇಲಿದೆ, ಬೇರೆ ಬೇರೆ ವಲಯದ ದೂರದ ಗಾಡಿಗಳು ಅಲ್ಲಿ ಹಾದುಹೋಗುತ್ತವೆ, ಒಂದೇ ಸಂಜೆಯಲ್ಲಿ ಹಳೆಯದು ಹೊಸದು ಎರಡೂ ಕಾಣಬಹುದು. ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ಹೋಗಬೇಡಿ. ನಮ್ಮ ಕಡೆ ಬಿಸಿಲಿಗೆ ಯಾವ ಇತಿಹಾಸವೂ ತಲೆಗೆ ಹತ್ತಲ್ಲ.

ನಿಂತಿರೋ ಗಾಡಿಯನ್ನು ಪ್ಲಾಟ್‌ಫಾರ್ಮ್ ಅಂಚಿನ ಹಳದಿ ಗೆರೆಯ ಈಚೆಯಿಂದಲೇ ನೋಡಿ. ಫೋಟೋಗೋಸ್ಕರ ಹಳಿಗೆ ಇಳಿದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ದಂಡ ಬೀಳುತ್ತದೆ, ಜೈಲೂ ಆಗಬಹುದು.

ಬಣ್ಣ ನಂಬಬೇಡಿ, ಜೋಡಣೆ ನೋಡಿ

ಕೆಂಪು ಅಂದರೆ ಎಲ್‌ಎಚ್‌ಬಿ, ನೀಲಿ ಅಂದರೆ ಹಳೇದು ಅಂತ ಲೆಕ್ಕ ಹಾಕೋರು ತುಂಬಾ ಜನ. ಸಾಮಾನ್ಯವಾಗಿ ಸರಿ ಹೋಗುತ್ತದೆ. ಆದರೆ ರೈಲ್ವೆ ಹಳೆ ಡಬ್ಬಿಗಳಿಗೂ ಆಗಾಗ ಬೇರೆ ಬಣ್ಣ ಬಳಿದಿದೆ. ಬಣ್ಣ ಬದಲಾಗಬಹುದು, ಕಬ್ಬಿಣ ಬದಲಾಗಲ್ಲ. ಅದಕ್ಕೆ ಎರಡು ಡಬ್ಬಿ ಸೇರುವ ಜಾಗಕ್ಕೆ ಹೋಗಿ ನಿಲ್ಲಿ.

ಹಳೆ ಡಬ್ಬಿಯಾದರೆ ಎರಡೂ ಬದಿಗೆ ದುಂಡನೆಯ ಬಫರ್‌ಗಳು ಎದುರುಬದುರು ಒತ್ತಿಕೊಂಡಿರುತ್ತವೆ, ನಡುವೆ ತಿರುಪು ಇರೋ ಕೊಂಡಿ ಇರುತ್ತದೆ. ಅದನ್ನು ಬಿಗಿ ಮಾಡೋಕೆ ಒಬ್ಬರು ಎರಡು ಡಬ್ಬಿಯ ಮಧ್ಯೆ ಇಳಿಯಲೇಬೇಕು. ಎಲ್‌ಎಚ್‌ಬಿಯಲ್ಲಿ ಬದಿಯ ಬಫರ್ ಇಲ್ಲವೇ ಇಲ್ಲ. ಮಧ್ಯದಲ್ಲಿ ಒಂದೇ ಒಂದು ದಪ್ಪ ಕೊಂಡಿ, ಒಂದರ ಮುಷ್ಟಿ ಇನ್ನೊಂದನ್ನು ಹಿಡಿದುಕೊಂಡ ಹಾಗೆ. ಇದು ಸೆಂಟರ್ ಬಫರ್ ಕಪ್ಲರ್. ಬದಿಯ ಬಫರ್ ಇದ್ದರೆ ಹಳೇದು, ಇಲ್ಲದಿದ್ದರೆ ಸಾಮಾನ್ಯವಾಗಿ ಎಲ್‌ಎಚ್‌ಬಿ. ದೂರದ ಗಾಡಿಗಳಲ್ಲಿ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗೀತು.

ಅಪಘಾತ ಆದಾಗ ಇದರ ಬೆಲೆ ಗೊತ್ತಾಗುತ್ತದೆ. ಹಳೆ ಕೊಂಡಿಯ ಡಬ್ಬಿಗಳು ಹಳಿ ತಪ್ಪಿದರೆ ಒಂದರ ಮೇಲೊಂದು ಹತ್ತಿ ಕೂರೋದು ಜಾಸ್ತಿ, ಸಾವುಗಳೂ ಅದರಿಂದಲೇ ಹೆಚ್ಚು. ಹೊಸ ಕೊಂಡಿ ಡಬ್ಬಿಗಳನ್ನು ಸಾಲಿನಲ್ಲೇ ಹಿಡಿದಿಡೋಕೆ ನೋಡುತ್ತದೆ. ಹಾಗಂತ ಅದರಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಗಾಡಿ ಹೊರಡುವಾಗ, ನಿಲ್ಲುವಾಗ ಧಡ್ ಅಂತ ಒಂದು ಎಳೆತ ಬರುತ್ತದಲ್ಲ, ರಾತ್ರಿ ಮೇಲಿನ ಬರ್ತಿನಲ್ಲಿ ಮಲಗಿದವರಿಗೆ ಎಚ್ಚರ ಆಗೋ ಹಾಗೆ, ಅದು ಈ ಕೊಂಡಿ ಮತ್ತು ಅದರ ಹಿಂದಿನ ಸ್ಪ್ರಿಂಗ್ ಜೋಡಣೆಯಲ್ಲಿ ಉಳಿಯುವ ಸಡಿಲದಿಂದ ಬರುವುದು. ಆ ಜೋಡಣೆಯನ್ನು ಆಮೇಲೆ ಸುಧಾರಿಸಿದ್ದಾರೆ. ಪೂರ್ತಿ ಹೋಗಿದೆ ಅಂತ ಮಾತ್ರ ನಾನು ಹೇಳಲ್ಲ.

ಈಗ ಕೆಳಗೆ ಬಗ್ಗಿ

ಚಕ್ರ ನೋಡಿ. ಹಳೆ ಡಬ್ಬಿಯಲ್ಲಿ ಬ್ರೇಕ್ ಹಾಕಿದರೆ ಬ್ರೇಕ್ ಕಟ್ಟೆ ನೇರವಾಗಿ ಚಕ್ರದ ಮೈಗೇ ಒತ್ತಿಕೊಳ್ಳುತ್ತದೆ. ಗಾಡಿ ನಿಲ್ಲುವಾಗ ಕಿರ್ರ್ ಅನ್ನೋ ಸದ್ದು, ಸುಟ್ಟ ಕಬ್ಬಿಣದ ವಾಸನೆ, ನಮಗೆಲ್ಲ ಗೊತ್ತಿರೋದೇ. ಎಲ್‌ಎಚ್‌ಬಿಯಲ್ಲಿ ಎರಡು ಚಕ್ರದ ನಡುವಿನ ಅಚ್ಚಿಗೆ ಡಿಸ್ಕ್‌ಗಳನ್ನು ಕೂರಿಸಿರುತ್ತಾರೆ, ಬ್ರೇಕ್ ಹಿಡಿಯೋದು ಆ ಡಿಸ್ಕ್‌ಗಳನ್ನ. ಚಕ್ರದ ಮೈ ಹಾಗೇ ಉಳಿಯುತ್ತದೆ. ಬೋಗಿಯ ಚೌಕಟ್ಟೂ ಬೇರೆ. ಹಳೆಯದರಲ್ಲಿ ಒಂದೇ ಬೋಗಿಯ ಎರಡು ಅಚ್ಚಿನ ನಡುವೆ 2896 ಮಿಲಿಮೀಟರ್, ಇದರಲ್ಲಿ 2560. ಡಬ್ಬಿಯ ಭಾರ ದೊಡ್ಡ ಸುರುಳಿ ಸ್ಪ್ರಿಂಗ್‌ಗಳ ಮೇಲೆ ಕೂರುತ್ತದೆ, ಅದರ ಪಕ್ಕ ಸ್ಕೂಟರಿನ ಶಾಕ್ ಅಬ್ಸಾರ್ಬರ್ ತರದ ಉದ್ದನೆಯ ಡ್ಯಾಂಪರ್‌ಗಳು ಕಾಣುತ್ತವೆ.

ಈ ಬೋಗಿಯ ಹೆಸರು ಫಿಯೆಟ್. ಹೌದು, ಕಾರಿನ ಫಿಯೆಟ್ಟೇ. ಡಬ್ಬಿಯ ಮೈ ಜರ್ಮನಿಯದು, ಕಾಲು ಫಿಯೆಟ್‌ನದು. ಇದರಲ್ಲಿ ನಮ್ಮ ಕಡೆಯವರು ಖುಷಿಪಡೋ ವಿಷಯ ಒಂದಿದೆ. ರಾಯಚೂರಿಂದ ವಾಡಿ ಕಡೆ ಹೊರಟರೆ ಯಾದಗಿರಿ ಜಿಲ್ಲೆಯ ಕಡೇಚೂರು ಸಿಗುತ್ತದೆ. ಅಲ್ಲಿ ಇದೇ ಫಿಯೆಟ್ ಬೋಗಿಯ ಚೌಕಟ್ಟು ಮಾಡೋ ರೈಲ್ವೆ ಕಾರ್ಖಾನೆ ಇದೆ. 2014ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಸಚಿವರಾಗಿದ್ದಾಗ ಅದಕ್ಕೆ ಅಡಿಗಲ್ಲು ಬಿತ್ತು.

ಮೈ ಮೇಲಿನ ಬರಹ

ಡಬ್ಬಿಯ ಬದಿಯಲ್ಲಿ ನಂಬರ್ ಮತ್ತು ಇಂಗ್ಲಿಷ್ ಅಕ್ಷರಗಳ ಒಂದು ಸಂಕೇತ ಬರೆದಿರುತ್ತದೆ. ನಂಬರಿನ ಮೊದಲ ಎರಡು ಅಂಕಿ ಡಬ್ಬಿ ತಯಾರಾದ ವರ್ಷ. 19ರಿಂದ ಶುರುವಾದರೆ 2019ರದ್ದು. ಸಂಕೇತದ ಮೊದಲ ಅಕ್ಷರ 'ಎಲ್' ಇದ್ದರೆ ಎಲ್‌ಎಚ್‌ಬಿ. ಉದಾಹರಣೆಗೆ ಸ್ಲೀಪರ್ ಡಬ್ಬಿಗೆ ಎಲ್‌ಡಬ್ಲ್ಯುಎಸ್‌ಸಿಎನ್, ಥರ್ಡ್ ಎಸಿಗೆ ಎಲ್‌ಡಬ್ಲ್ಯುಎಸಿಸಿಎನ್. ಹಳೆ ಸ್ಲೀಪರಿಗೆ ಜಿಎಸ್‌ಸಿಎನ್ ಅಂತಲೋ ಡಬ್ಲ್ಯುಜಿಎಸ್‌ಸಿಎನ್ ಅಂತಲೋ ಇರುತ್ತದೆ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ತಯಾರಕರ ಹೆಸರಿನ ಜಾಗದಲ್ಲಿ ಐಸಿಎಫ್ ಅಂತ ಕಂಡರೆ ಅದು ಹಳೆ ಡಬ್ಬಿಯೇ ಆಗಬೇಕು ಅಂತಿಲ್ಲ. ಐಸಿಎಫ್ ಅಂದರೆ ಚೆನ್ನೈನ ಪೆರಂಬೂರಿನಲ್ಲಿರುವ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ. 1955ರಲ್ಲಿ ಶುರುವಾದ ಈ ಕಾರ್ಖಾನೆ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಂಪನಿಯ ವಿನ್ಯಾಸದ ಡಬ್ಬಿ ಮಾಡುತ್ತಿತ್ತು. ಆ ವಿನ್ಯಾಸಕ್ಕೂ ಜನ ಐಸಿಎಫ್ ಅಂತಲೇ ಅಂದರು. 2018ರ ಜನವರಿಯಲ್ಲಿ ಹಳೆ ವಿನ್ಯಾಸ ನಿಲ್ಲಿಸಿ ಆ ಕಾರ್ಖಾನೆಯೂ ಎಲ್‌ಎಚ್‌ಬಿಗೆ ಬಂತು. ಅಂದರೆ ಈಗ ಐಸಿಎಫ್‌ನಲ್ಲೇ ಎಲ್‌ಎಚ್‌ಬಿ ತಯಾರಾಗುತ್ತದೆ. ಕಪುರ್ತಲಾದ ಆರ್‌ಸಿಎಫ್, ರಾಯ್‌ಬರೇಲಿಯ ಎಂಸಿಎಫ್ ಇನ್ನೆರಡು ಕಾರ್ಖಾನೆಗಳು. ಎಲ್ಲಿ ಮಾಡಿದ್ದು ಅನ್ನೋದು ಒಂದು, ಯಾವ ವಿನ್ಯಾಸ ಅನ್ನೋದು ಇನ್ನೊಂದು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಈಗ ಆ ಮೂರು ಹೆಸರು

ಇತಿಹಾಸ ಹೇಳೋಕೆ ಇಸವಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಊರುಗಳನ್ನು ನೆನಪಿಟ್ಟುಕೊಳ್ಳಿ. ಬ್ರೆಸ್ಲಾವ್, ಬೌಟ್ಸೆನ್, ಸಾಲ್ಸ್‌ಗಿಟ್ಟರ್, ಆಮೇಲೆ ನಮ್ಮ ಕಪುರ್ತಲಾ. ಈ ನಾಲ್ಕು ಊರು ಗೊತ್ತಿದ್ದರೆ ಮಕ್ಕಳಿಗೂ ಕತೆ ಹೇಳಬಹುದು.

ಬ್ರೆಸ್ಲಾವ್ ಆಗ ಜರ್ಮನ್ ಮಾತಾಡುವ ದೊಡ್ಡ ಊರು, ಪ್ರಷ್ಯಾ ರಾಜ್ಯಕ್ಕೆ ಸೇರಿದ್ದು. ಅಲ್ಲಿ ಗಾಟ್‌ಫ್ರೀಡ್ ಲಿಂಕೆ ಅಂತ ಒಬ್ಬ ಬಂಡಿ ಮಾಡುವ ಬಡಗಿ ಇದ್ದ. 1839ರಲ್ಲಿ ಅವನ ಕಾರ್ಖಾನೆ ಶುರುವಾಯಿತು. ಆ ಸೀಮೆಗೆ ರೈಲು ಕಾಲಿಡುತ್ತಿದ್ದ ಕಾಲ ಅದು, ಬಂಡಿ ಮಾಡೋ ಕೈಗೆ ರೈಲು ಡಬ್ಬಿಯ ಕೆಲಸ ಬಂತು. ಆಗಿನ ಡಬ್ಬಿ ಅಂದರೆ ಹೆಚ್ಚುಕಮ್ಮಿ ಮರದ ಕೆಲಸವೇ, ಹಾಗಾಗಿ ಇದು ವಿಚಿತ್ರ ಏನಲ್ಲ. ಅದೇ ಊರಿನಲ್ಲಿ ಹಾಫ್‌ಮನ್ ಸಹೋದರರ ಡಬ್ಬಿ ಕಾರ್ಖಾನೆಯೂ ಇತ್ತು. 1912ರಲ್ಲಿ ಎರಡೂ ಸೇರಿ ಲಿಂಕೆ-ಹಾಫ್‌ಮನ್ ಆಯಿತು.

ಈ ಜೋಡಿ ಸುಮ್ನೆ ಕೂತಿರಲಿಲ್ಲ. ಉಗಿ ಎಂಜಿನ್ ಮಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಒಂದು ದೈತ್ಯ ಬಾಂಬರ್ ವಿಮಾನವನ್ನೂ ಮಾಡಿದರು. ಅದರ ಮೈಯ ಒಂದಷ್ಟು ಭಾಗಕ್ಕೆ ಪಾರದರ್ಶಕ ಹಾಳೆ ಹೊದಿಸಿದ್ದರು, ಶತ್ರುಗಳಿಗೆ ಕಾಣಬಾರದು ಅಂತ. ಬಿಸಿಲು ಬಿದ್ದರೆ ಆ ಹಾಳೆಯೇ ಮಿರಮಿರ ಮಿಂಚಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು! ರೈಲು ಡಬ್ಬಿ ಮಾಡೋರು ರೈಲು ಡಬ್ಬಿಯನ್ನೇ ಮಾಡೋದು ವಾಸಿ ಅಂತ ನನಗನಿಸೋದು ಇದಕ್ಕೇ.

ಮೂರನೇ ಹೆಸರು ಬುಷ್. ಇದು ಬೌಟ್ಸೆನ್ ಊರಿನ ಡಬ್ಬಿ ಕಾರ್ಖಾನೆಯದು, ಊರು ಇರೋದು ಜರ್ಮನಿಯ ಸ್ಯಾಕ್ಸನಿಯಲ್ಲಿ. 1928ರಲ್ಲಿ ಅದೂ ಸೇರಿಕೊಂಡು ಲಿಂಕೆ-ಹಾಫ್‌ಮನ್-ಬುಷ್ ಅನ್ನೋ ಪೂರ್ತಿ ಹೆಸರು ಬಂತು. 1930ರ ದಶಕದಲ್ಲಿ ಬ್ರೆಸ್ಲಾವ್ ಕಾರ್ಖಾನೆ ಡೀಸೆಲ್ ವೇಗದ ರೈಲುಗಳನ್ನು ಕಟ್ಟಿತು. ಅದರಲ್ಲಿ 'ಲೈಪ್‌ಸಿಗ್' ಮಾದರಿಯ ಒಂದು ಗಾಡಿ 1936ರ ಪ್ರಯೋಗ ಓಟದಲ್ಲಿ ಗಂಟೆಗೆ 205 ಕಿಲೋಮೀಟರ್ ಮುಟ್ಟಿತು. ನಮ್ಮ ಎಲ್‌ಎಚ್‌ಬಿ ಡಬ್ಬಿ ಓಡಬಹುದಾದ ವೇಗ 160, ಅದೂ ಹಳಿ ಒಪ್ಪಿದರೆ ಮಾತ್ರ. ಹುಬ್ಬಳ್ಳಿ–ಗುಂತಕಲ್ ಸಾಲಿನಲ್ಲಿ ಅಷ್ಟು ವೇಗ ಎಲ್ಲಿಂದ ಬರಬೇಕು ಹೇಳಿ.

ಮುಂದಿನದು ಹೇಳೋಕೆ ಹಿತವಾದ ಭಾಗ ಅಲ್ಲ, ಆದರೆ ಬಿಟ್ಟು ಹೇಳಿದರೆ ಕತೆ ಸುಳ್ಳಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರೆಸ್ಲಾವ್ ಕಾರ್ಖಾನೆ ಹಿಟ್ಲರನ ಸೇನೆಗೆ ದುಡಿಯಿತು. ಗ್ರಾಸ್-ರೋಸನ್ ಯಾತನಾ ಶಿಬಿರದ ಕೈದಿಗಳನ್ನು ಅಲ್ಲಿ ಬಲವಂತವಾಗಿ ದುಡಿಸಿಕೊಂಡರು. 1945ರಲ್ಲಿ ಸೋವಿಯತ್ ಸೇನೆ ಊರನ್ನು ಮುತ್ತಿತು. ತಿಂಗಳುಗಟ್ಟಲೆ ಕಾದಾಟ ನಡೆದು, ಮೇ ತಿಂಗಳಲ್ಲಿ ಶರಣಾಗುವ ಹೊತ್ತಿಗೆ ಊರು ಬಹುಪಾಲು ಹಾಳಾಗಿತ್ತು. ಯುದ್ಧ ಮುಗಿದ ಮೇಲೆ ಗಡಿ ಬದಲಾಯಿತು. ಬ್ರೆಸ್ಲಾವ್ ಪೋಲೆಂಡಿಗೆ ಹೋಯಿತು, ಹೆಸರು ವ್ರೋತ್ಸ್ವಾಫ್ ಆಯಿತು, ಜರ್ಮನ್ನರು ಊರು ಬಿಡಬೇಕಾಯಿತು, ಪೂರ್ವದಲ್ಲಿ ತಮ್ಮ ಊರು ಕಳೆದುಕೊಂಡ ಪೋಲಿಷ್ ಜನ ಅಲ್ಲಿ ಬಂದು ನೆಲೆಸಿದರು. ಲಿಂಕೆಯ ಕಾರ್ಖಾನೆ ಪಾಫಾವಾಗ್ ಅನ್ನೋ ಪೋಲೆಂಡಿನ ಸರ್ಕಾರಿ ಡಬ್ಬಿ ಕಾರ್ಖಾನೆಯಾಯಿತು. ಪೋಲೆಂಡಿನವರಿಗೆ ತುಂಬಾ ಪರಿಚಯದ ಇಎನ್57 ಲೋಕಲ್ ರೈಲು ತಯಾರಾಗಿದ್ದು ಅಲ್ಲೇ. ಇತ್ತ ಬೌಟ್ಸೆನ್ ಸೋವಿಯತ್ ಹಿಡಿತದ ಪೂರ್ವ ಜರ್ಮನಿಗೆ ಸೇರಿ, ಅಲ್ಲಿಯ ಕಾರ್ಖಾನೆಯೂ ಸರ್ಕಾರದ್ದಾಯಿತು.

ಅಂದರೆ ಹೆಸರು ಉಳಿಯಿತು, ಊರು ಕಾರ್ಖಾನೆ ಎರಡೂ ಹೋದವು. 1949ರಲ್ಲಿ ಆ ಹೆಸರನ್ನು ಪಶ್ಚಿಮ ಜರ್ಮನಿಯ ಸಾಲ್ಸ್‌ಗಿಟ್ಟರ್‌ನಲ್ಲಿ ಮತ್ತೆ ನಿಲ್ಲಿಸಿದರು, ಬ್ರೆಸ್ಲಾವ್‌ನಿಂದ ಹತ್ತಿರತ್ತಿರ 500 ಕಿಲೋಮೀಟರ್ ದೂರ. ಸಾಲ್ಸ್‌ಗಿಟ್ಟರ್ ಬಳ್ಳಾರಿಯವರಿಗೆ ಬೇಗ ಅರ್ಥ ಆಗೋ ಊರು. ನಮ್ಮ ತೋರಣಗಲ್ಲಿನ ಹಾಗೆ ಅದಿರು ಇದ್ದ ಜಾಗದಲ್ಲಿ ಉಕ್ಕಿನ ಕಾರ್ಖಾನೆ ಹುಟ್ಟಿ, ಅದರ ಸುತ್ತ ಬೆಳೆದದ್ದು. ಆದರೆ ಸಂಡೂರಿನ ಅದಿರಿನಷ್ಟು ಗುಣಮಟ್ಟ ಅದಕ್ಕಿರಲಿಲ್ಲ. ಖಾಸಗಿ ಉಕ್ಕಿನವರು ಲಾಭ ಇಲ್ಲ ಅಂತ ಕೈಬಿಟ್ಟ ಅದಿರನ್ನು ನಾಜಿ ಸರ್ಕಾರ 1937ರಲ್ಲಿ ತನ್ನ ನಾಯಕರಲ್ಲೊಬ್ಬನಾದ ಹರ್ಮನ್ ಗೋರಿಂಗ್ ಹೆಸರಿನ ಸಂಸ್ಥೆ ಮಾಡಿ ತೆಗೆಸೋಕೆ ಹೊರಟಿತು. ಅಲ್ಲೂ ಶಿಬಿರದ ಕೈದಿಗಳನ್ನು ದುಡಿಸಿದ್ದರು. ಯುದ್ಧ ಮುಗಿದು ಖಾಲಿ ಬಿದ್ದಿದ್ದ ಆ ಜಾಗದಲ್ಲಿ ಡಬ್ಬಿ ಕೆಲಸ ಶುರುವಾಯಿತು, ಕೆಲಸವಿಲ್ಲದೆ ಕೂತ ಜನಕ್ಕೆ ಕೆಲಸವೂ ಸಿಕ್ಕಿತು. ಹ್ಯಾಂಬರ್ಗ್ ಮೆಟ್ರೋದ ಎಷ್ಟೋ ರೈಲುಗಳು ಇಲ್ಲಿಂದಲೇ ಹೋದವು.

1990ರ ದಶಕದ ನಡುವಿನಲ್ಲಿ ಫ್ರಾನ್ಸ್–ಇಂಗ್ಲೆಂಡಿನ ಜಿಇಸಿ ಆಲ್‌ಸ್ತೋಮ್ ಈ ಕಂಪನಿಯನ್ನು ಕೈಗೆ ತಗೊಂಡಿತು. ಭಾರತದ ಜೊತೆ ಡಬ್ಬಿಯ ಮಾತುಕತೆ ಕುದುರಿದ್ದೂ ಆ ಹೊತ್ತಿಗೇ.

ನಮ್ಮ ಹಳಿಗೆ ಬಂದದ್ದು

1995ರಲ್ಲಿ ಒಪ್ಪಂದ ಆಯಿತು. 19 ಎಸಿ ಚೇರ್ ಕಾರ್, 2 ಎಕ್ಸಿಕ್ಯುಟಿವ್ ಚೇರ್ ಕಾರ್, 3 ಜನರೇಟರ್ ಡಬ್ಬಿ, ಒಟ್ಟು 24 ಜರ್ಮನಿಯಿಂದ ಬರಬೇಕು, ಜೊತೆಗೆ ಮಾಡೋ ವಿದ್ಯೆಯನ್ನೂ ಕಲಿಸಬೇಕು. ಜರ್ಮನಿಯ ಹಳಿ 1435 ಮಿಲಿಮೀಟರ್ ಅಗಲ, ನಮ್ಮ ಬ್ರಾಡ್ ಗೇಜ್ 1676. ಹಾಗಾಗಿ ಅಲ್ಲಿಯ ಡಬ್ಬಿಯನ್ನು ತಂದು ಹಾಗೇ ಓಡಿಸೋ ಮಾತೇ ಇರಲಿಲ್ಲ, ನಮಗೆ ಅಂತಲೇ ಮಾಡಬೇಕಿತ್ತು. ಆ ದಶಕದಲ್ಲೇ ಕೊಪ್ಪಳ, ಗದಗ ಕಡೆ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಿದ್ದರು ಅನ್ನೋದನ್ನೂ ನೆನಪಿಡಿ. ಹಿರಿಯರನ್ನು ಕೇಳಿದರೆ ಆ ಸಣ್ಣ ಗಾಡಿಗಳ ಬಗ್ಗೆ ಹೇಳ್ತಾರೆ.

2000ದಲ್ಲಿ ಡಬ್ಬಿಗಳು ಬಂದವು. ದೆಹಲಿ–ಲಖನೌ ಶತಾಬ್ದಿಗೆ ಹಾಕಿದರು. ಶುರು ಅಷ್ಟೇನೂ ಚೆನ್ನಾಗಿರಲಿಲ್ಲ. ದೊಡ್ಡ ದೊಡ್ಡ ಗಾಜಿನ ಕಿಟಕಿ ಕಂಡು ಕಲ್ಲು ಹೊಡೆಯೋರಿಗೆ ಕೈ ತುರಿಸಿತು, ಒಡೆದ ಗಾಜಿಗೆ ಟೇಪ್ ಅಂಟಿಸಿ ಓಡಿಸಬೇಕಾಯಿತು. ಕೊಂಡಿ ಬಿಟ್ಟುಕೊಂಡ ಪ್ರಸಂಗಗಳಾದವು, ಎಸಿ ನಮ್ಮ ಸೆಕೆಗೆ ಸಾಲದು ಅಂತ ಜನ ದೂರಿದರು. ಡಬ್ಬಿಗಳನ್ನು ವಾಪಸ್ ತೆಗೆದು, ರಿಪೇರಿ ಮಾಡಿ, ಮತ್ತೆ ಬಿಟ್ಟರು. ಕಪುರ್ತಲಾದಲ್ಲಿ ನಮ್ಮವರೇ ಮಾಡೋಕೆ ಶುರು ಮಾಡಿದ ಮೇಲೆ 2003ರಲ್ಲಿ ಮುಂಬೈ ರಾಜಧಾನಿಗೆ ಬಂತು. ತುಂಬಾ ವರ್ಷ ಇದು ರಾಜಧಾನಿ, ಶತಾಬ್ದಿಯ ದೊಡ್ಡವರ ಡಬ್ಬಿಯಾಗಿಯೇ ಇತ್ತು. ನಮ್ಮಂಥ ಸ್ಲೀಪರ್, ಜನರಲ್ ಜನಕ್ಕೆ ಸಿಕ್ಕಿದ್ದು ಆಮೇಲೆ.

ಜರ್ಮನಿಯಲ್ಲಿ ಇತ್ತ 2009ರಲ್ಲಿ ಕಂಪನಿಯ ಹೆಸರಿನಿಂದ ಎಲ್‌ಎಚ್‌ಬಿ ಬಿಟ್ಟುಹೋಗಿ ಬರೀ ಆಲ್‌ಸ್ತೋಮ್ ಆಯಿತು. ಕಾರ್ಖಾನೆ ನಿಲ್ಲಲಿಲ್ಲ. 2018ರಲ್ಲಿ ಪ್ರಯಾಣಿಕರನ್ನು ಹತ್ತಿಸಿಕೊಂಡು ಓಡಲು ಶುರು ಮಾಡಿದ ಹೈಡ್ರೋಜನ್ ರೈಲು ಐಲಿಂಟ್ ತಯಾರಾಗಿದ್ದು ಸಾಲ್ಸ್‌ಗಿಟ್ಟರ್‌ನಲ್ಲೇ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಾತ್ರ 2021ರ ವಿಷಯ. ಆ ಹೊತ್ತಿಗೆ ವ್ರೋತ್ಸ್ವಾಫ್ ಮತ್ತು ಬೌಟ್ಸೆನ್ ಕಾರ್ಖಾನೆಗಳು ಕೈಯಿಂದ ಕೈಗೆ ಹೋಗಿ ಬೊಂಬಾರ್ಡಿಯರ್ ಕಂಪನಿಯ ಪಾಲಾಗಿದ್ದವು. ಆ ವರ್ಷ ಆಲ್‌ಸ್ತೋಮ್ ಬೊಂಬಾರ್ಡಿಯರ್‌ನ ರೈಲು ವ್ಯವಹಾರವನ್ನೇ ಕೊಂಡುಕೊಂಡಿತು. 1945ರಲ್ಲಿ ಚೂರಾಗಿದ್ದ ಲಿಂಕೆ-ಹಾಫ್‌ಮನ್ ಮನೆ, ಬುಷ್ ಮನೆ, ಆಮೇಲೆ ಕಟ್ಟಿದ ಸಾಲ್ಸ್‌ಗಿಟ್ಟರ್ ಮನೆ, ಮೂರೂ 76 ವರ್ಷ ಕಳೆದು ಒಬ್ಬನೇ ಯಜಮಾನನ ಕೈಗೆ ಬಂದವು. ಯಾರೂ ಬೇಕಂತ ಮಾಡಿದ್ದಲ್ಲ, ಬರೀ ವ್ಯಾಪಾರ. ಅಷ್ಟೊತ್ತಿಗೆ ಬಾಗಿಲ ಮೇಲೆ ಹಳೆ ಹೆಸರೂ ಇರಲಿಲ್ಲ ಅನ್ನಿ.

ಸ್ಟೇಷನ್‌ಗೆ ಹೋಗದೆಯೂ ಗೊತ್ತಾಗುತ್ತದೆ

ನಿಮ್ಮ ಟಿಕೆಟ್ ನೋಡಿ. ಹಳೆ ಸ್ಲೀಪರ್ ಡಬ್ಬಿಯಲ್ಲಿ 72 ಬರ್ತು, ಎಲ್‌ಎಚ್‌ಬಿ ಸ್ಲೀಪರ್‌ನಲ್ಲಿ 80. ನಿಮಗೆ 73ರಿಂದ 80ರ ಒಳಗೆ ಬರ್ತು ಸಿಕ್ಕಿದ್ದರೆ ಡಬ್ಬಿ ಎಲ್‌ಎಚ್‌ಬಿಯೇ. ಥರ್ಡ್ ಎಸಿಯಲ್ಲಿ ಹಳೇದಕ್ಕೆ 64, ಇದಕ್ಕೆ 72. ಅಲ್ಲಿ 65ರ ಮೇಲಿನ ನಂಬರ್ ಬಂದರೆ ಅದೇ ಉತ್ತರ. ಡಬ್ಬಿ ಉದ್ದ ಇರೋದರಿಂದಲೇ ಈ ಹೆಚ್ಚುವರಿ ಸಾಲು. ಹಳೇದು 21.3 ಮೀಟರ್, ಇದು 23.5 ಮೀಟರ್. ಸೈಡ್ ಲೋಯರ್ ಲೆಕ್ಕ ಮಾತ್ರ ಬದಲಾಗಿಲ್ಲ. 7, 15, 23 ಹೀಗೆ ಎಂಟೆಂಟು ಕೂಡಿಸುತ್ತಾ ಹೋದರೆ ಕೊನೆಗೆ 79.

ಉದ್ದದಿಂದ ಇನ್ನೊಂದು ಪರಿಣಾಮ ಇದೆ, ಕೊಪ್ಪಳದಂಥ ಕಡೆ ಹತ್ತುವವರು ಗಮನಿಸಲೇಬೇಕು. 24 ಹಳೆ ಡಬ್ಬಿ ನಿಲ್ಲುತ್ತಿದ್ದ ಪ್ಲಾಟ್‌ಫಾರ್ಮ್‌ನಲ್ಲಿ ಎಲ್‌ಎಚ್‌ಬಿ 22 ಮಾತ್ರ ಹಿಡಿಯುತ್ತದೆ. ಹಾಗಾಗಿ ನೀವು ವರ್ಷಗಳಿಂದ ಹತ್ತುತ್ತಿದ್ದ ಗಾಡಿಗೆ ಹೊಸ ಡಬ್ಬಿ ಹಾಕಿದರೆ, ನಿಮ್ಮ ಎಸ್-4 ಮೊದಲು ನಿಲ್ಲುತ್ತಿದ್ದ ಬೇವಿನ ಮರದ ಎದುರೇ ಬಂದು ನಿಲ್ಲುತ್ತದೆ ಅಂತ ನಂಬಿ ಚೀಲ ಇಟ್ಟುಕೊಂಡು ಕೂರಬೇಡಿ. ಡಬ್ಬಿಗಳ ಕ್ರಮ ಆ್ಯಪ್‌ನಲ್ಲಿ ನೋಡಿ, ಇಲ್ಲವೇ ಪ್ಲಾಟ್‌ಫಾರ್ಮ್ ಮೇಲಿನ ಕೋಚ್ ಬೋರ್ಡ್ ನೋಡಿ, ಗಾಡಿ ಬರೋಕೆ ಮುಂಚೆಯೇ ಜಾಗ ಹಿಡಿದು ನಿಲ್ಲಿ.